ಕೆನ್ನೆ ಕೆಂಪಾದರೆ ಪೀಚ್ ಹಣ್ಣಾದಂತೆಯೆ?

ಓದುಗರ ಪ್ರಶ್ನೆಗಳಿಗೆ ಉತ್ತರ

ಕಲಬುರಗಿ, ಬೀದರ್ ಮತ್ತು ಯಾದಗಿರಿಯ ಹಣ್ಣಿನ ಅಂಗಡಿಗಳಲ್ಲಿ ಬೇಸಿಗೆಯ ಕೊನೆಗೆ ಮಾವಿನ ಪಕ್ಕದಲ್ಲಿ ಈಗ ಪೀಚ್ ಕೂಡ ಕಾಣಿಸಿಕೊಳ್ಳುತ್ತಿದೆ. ಪಂಜಾಬ್, ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡಗಳಲ್ಲಿ ಬೆಳೆಯುವ ಈ ಹಣ್ಣು ನಮ್ಮ ಭಾಗದವರಿಗೆ ಹೊಸದಾದುದರಿಂದ ಅದರ ಬಣ್ಣವನ್ನು ಕುರಿತು ಹಲವು ಪತ್ರಗಳು ಬಂದಿವೆ. ಬಣ್ಣಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಮಾತ್ರ ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ವ್ಯಾಪಾರಿಗಳು ‘ಆಡೂ’ ಎಂದು ಕೂಗಿ ಮಾರುತ್ತಿದ್ದ ಪೀಚ್ ಹಣ್ಣುಗಳನ್ನು ಕೊಂಡೆ. ಗಾಢವಾಗಿ ಕೆಂಪಾಗಿದ್ದವುಗಳನ್ನೇ ಆರಿಸಿ ತಂದರೂ ಕತ್ತರಿಸಿದಾಗ ತಿರುಳು ಹಸಿರು ಬೆರೆತು, ಗಟ್ಟಿಯಾಗಿ, ಹುಳಿಯಾಗಿತ್ತು. ಅವುಗಳೊಡನೆ ಬಂದಿದ್ದ, ಅಷ್ಟೇನೂ ಕೆಂಪಿಲ್ಲದ ಹಳದಿ ಹಣ್ಣುಗಳೇ ಸಿಹಿಯಾಗಿದ್ದವು. ಹಣ್ಣಿಗೆ ಕೆಂಪು ಬಣ್ಣ ಹಚ್ಚಿ ಮಾರುತ್ತಾರೆಯೆ?
— ಕಲಬುರಗಿಯ ಓದುಗರು

ಉತ್ತರ: ನೀವು ಕಂಡದ್ದನ್ನು ವಿವರಿಸಲು ಹಣ್ಣಿನ ಸ್ವಭಾವವೊಂದೇ ಸಾಕು. ಸಂಶಯ ಉಳಿದಿದ್ದರೆ ಒದ್ದೆ ಮಾಡಿದ ಬಿಳಿ ಹತ್ತಿ ಬಟ್ಟೆಯಿಂದ ಸಿಪ್ಪೆಯನ್ನು ಒರೆಸಿ ನೋಡಿ. ಹಣ್ಣಿನ ಸಹಜ ಕೆಂಪು ಸಿಪ್ಪೆಯ ಜೀವಕೋಶಗಳ ಒಳಗೆ ಇರುತ್ತದೆಯಾದ್ದರಿಂದ ಸಿಪ್ಪೆ ಹರಿಯದ ಹೊರತು ಅದು ಬಟ್ಟೆಗೆ ಅಂಟುವುದಿಲ್ಲ.

ಪೀಚ್ ಸಿಪ್ಪೆಯಲ್ಲಿ ಮೂರು ಬಗೆಯ ವರ್ಣದ್ರವ್ಯಗಳು ಒಟ್ಟಿಗೆ ಇರುತ್ತವೆ. ಎಲೆಗೆ ಹಸಿರು ಕೊಡುವ ಪತ್ರಹರಿತ್ತು ಮೊದಲನೆಯದು. ಕಾಯಿಯಲ್ಲಿ ಇದೇ ಹೆಚ್ಚು. ಎರಡನೆಯದು ಹಳದಿ ಮತ್ತು ಕಿತ್ತಳೆ ಬಣ್ಣಗಳ ಕ್ಯಾರೊಟಿನಾಯ್ಡ್‌ಗಳ ಗುಂಪು. ಬೀಟಾ ಕ್ಯಾರೊಟಿನ್, ಬೀಟಾ ಕ್ರಿಪ್ಟೋಕ್ಸಾಂಥಿನ್, ಲ್ಯೂಟಿನ್ ಮೊದಲಾದವು ಈ ಗುಂಪಿನವು. ಮೂರನೆಯದು ಕೆಂಪು ಕೊಡುವ ಆಂಥೋಸಯನಿನ್. ಪೀಚಿನಲ್ಲಿ ಇದು ಮುಖ್ಯವಾಗಿ ಸಯನಿಡಿನ್-3-ಗ್ಲುಕೋಸೈಡ್ ಎಂಬ ರೂಪದಲ್ಲಿರುತ್ತದೆ. ಈ ಮೂರೂ ಒಂದೇ ಕಾರಣಕ್ಕೆ, ಒಂದೇ ಹೊತ್ತಿಗೆ ಬದಲಾಗುವುದಿಲ್ಲ ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ. ಕಾಯಿ ಬಲಿತು ಮಾಗತೊಡಗಿದಾಗ ಪತ್ರಹರಿತ್ತು ಒಡೆದು ಕರಗುತ್ತದೆ ಮತ್ತು ಹಳದಿ ತಿರುಳಿನ ತಳಿಗಳಲ್ಲಿ ಕ್ಯಾರೊಟಿನಾಯ್ಡ್‌ಗಳು ತುಂಬಿಕೊಳ್ಳುತ್ತವೆ. ಹೀಗಾಗಿ ಹಸಿರು ಹೋಗಿ ಹಳದಿ ಬರುವುದು ಪಕ್ವತೆಗೆ ನೇರವಾಗಿ ತಳುಕು ಹಾಕಿಕೊಂಡಿದೆ. ಕೆಂಪಿನ ಮಾತು ಬೇರೆ. ಮಾಗುವ ಹೊತ್ತಿಗೆ ಕೆಂಪು ಹೆಚ್ಚುವುದು ಬಹುತೇಕ ತಳಿಗಳಲ್ಲಿ ನಿಜವಾದರೂ ಎಷ್ಟು ಕೆಂಪು, ಎಷ್ಟು ಬೇಗ ಎಂಬುದನ್ನು ತಳಿಯ ಗುಣ ಮತ್ತು ಬಿಸಿಲು ನಿರ್ಧರಿಸುತ್ತವೆ. ಮರದ ಹೊರಮೈಯಲ್ಲಿ ಬಿಸಿಲಿಗೆ ಮುಖ ಮಾಡಿ ನೇತಾಡುವ ಕಾಯಿ ಕೆಂಪೇರುತ್ತದೆ, ಎಲೆಗಳ ಮರೆಯಲ್ಲಿರುವ ಕಾಯಿ ಅಷ್ಟೇ ಬಲಿತಿದ್ದರೂ ಮಂಕಾಗಿ ಉಳಿಯುತ್ತದೆ. ಒಂದೇ ಹಣ್ಣಿನಲ್ಲಿಯೂ ಬಿಸಿಲು ಬಿದ್ದ ಕೆನ್ನೆ ಮಾತ್ರ ಕೆಂಪಾಗಿ ಇನ್ನೊಂದು ಬದಿ ಹಾಗೆಯೇ ಇರುವುದು ಇದರಿಂದಲೇ.

ಇದಕ್ಕೆ ಮಾರುಕಟ್ಟೆಯ ಒತ್ತಡವೂ ಸೇರಿಕೊಂಡಿದೆ. ಕೊಳ್ಳುವವರು ಕೆಂಪನ್ನೇ ಹುಡುಕುತ್ತಾರೆಂದು ತಳಿ ಅಭಿವೃದ್ಧಿಪಡಿಸುವವರು ಹಲವು ದಶಕಗಳಿಂದ ಹೆಚ್ಚು ಕೆಂಪಾಗುವ ಸಸಿಗಳನ್ನೇ ಆರಿಸುತ್ತ ಬಂದಿದ್ದಾರೆ. ಇದರ ಫಲವಾಗಿ ಇಂದಿನ ಕೆಲವು ತಳಿಗಳ ಸಿಪ್ಪೆ, ಕಾಯಿ ಪೂರ್ತಿ ಬಲಿಯುವ ಮೊದಲೇ ಸುತ್ತಲೂ ಕೆಂಪಾಗಿಬಿಡುತ್ತದೆ. ಕೆಂಪು ನೋಡಿ ಕೊಯ್ಯುವ ತೋಟದವರೂ, ಕೆಂಪು ನೋಡಿ ಕೊಳ್ಳುವ ನಾವೂ ಒಟ್ಟಿಗೆ ಮೋಸಹೋಗುವುದು ಇಂಥ ತಳಿಗಳಲ್ಲಿಯೇ. ನನಗೆ ಇದು ನಿಜವಾಗಿಯೂ ಬೇಸರದ ಸಂಗತಿ. ರುಚಿಗಾಗಿ ಬೆಳೆಯಬೇಕಾದ ಹಣ್ಣನ್ನು ನೋಟಕ್ಕಾಗಿ ಬೆಳೆದರೆ ದುಡ್ಡು ಕೊಟ್ಟವರಿಗೆ ಹಣ್ಣಿನ ನಿಜವಾದ ಸೊಗಸು ಸಿಗುವುದೇ ಇಲ್ಲ.

ಆದ್ದರಿಂದ ಕೊಳ್ಳುವಾಗ ಮೇಲ್ಬಣ್ಣವನ್ನು ಬದಿಗಿಟ್ಟು ತಳಬಣ್ಣವನ್ನು ನೋಡಬೇಕು. ಕೆಂಪು ಹರಡದಿರುವ ಭಾಗದಲ್ಲಿ, ಅದರಲ್ಲಿಯೂ ತೊಟ್ಟಿನ ಸುತ್ತಲಿನ ಗುಳಿಯಲ್ಲಿ, ಸಿಪ್ಪೆ ಯಾವ ಬಣ್ಣದಲ್ಲಿದೆ ಎಂದು ಗಮನಿಸಿ. ಅಲ್ಲಿ ಎಲೆಹಸಿರು ಕಂಡರೆ ಅದು ಎಳೆಗಾಯಿ. ಹಳದಿ ತಿರುಳಿನ ತಳಿಯಲ್ಲಿ ಹಸಿರಿನ ಛಾಯೆ ಪೂರ್ತಿ ಹೋಗಿ ಹಳದಿಯೋ ಕಿತ್ತಳೆಯೋ ಬಂದಿದ್ದರೆ, ಬಿಳಿ ತಿರುಳಿನ ತಳಿಯಲ್ಲಿ ಕೆನೆಬಣ್ಣ ಬಂದಿದ್ದರೆ, ಹಣ್ಣು ಚೆನ್ನಾಗಿ ಬಲಿತಿರುವ ಸಾಧ್ಯತೆ ಹೆಚ್ಚು. ಇದರೊಡನೆ ಮೂಗಿಗೆ ಹಿಡಿದು ವಾಸನೆಯನ್ನೂ ನೋಡಿ. ಸುವಾಸನೆ ಇಲ್ಲದ ಪೀಚನ್ನು ನಾನು ಎಂದಿಗೂ ಶಿಫಾರಸು ಮಾಡುವುದಿಲ್ಲ. ತೋಟಗಳಲ್ಲಿ ಇದೇ ಕೆಲಸವನ್ನು ಇನ್ನಷ್ಟು ನಿಖರವಾಗಿ ಮಾಡಲು ಸಣ್ಣ ಉಪಕರಣವೊಂದಿದೆ. ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಡಿಎ ಮೀಟರ್ 670 ಮತ್ತು 720 ನ್ಯಾನೋಮೀಟರ್ ತರಂಗಾಂತರಗಳಲ್ಲಿ ಹಣ್ಣು ಎಷ್ಟು ಬೆಳಕನ್ನು ಹೀರಿಕೊಳ್ಳುತ್ತದೆ ಎಂಬುದರ ವ್ಯತ್ಯಾಸವನ್ನು ಅಳೆದು, ಹಣ್ಣನ್ನು ಕತ್ತರಿಸದೆಯೇ ಅದರಲ್ಲಿ ಉಳಿದಿರುವ ಪತ್ರಹರಿತ್ತನ್ನು ಅಂದಾಜು ಮಾಡುತ್ತದೆ. ಅದು ಕೂಡ ಅಳೆಯುವುದು ಹಸಿರನ್ನೇ. ಕೆಂಪನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ನಮ್ಮಲ್ಲಿ ಮಾವಿನ ಬಲಿತ ಕಾಯಿಯನ್ನು ಹುಲ್ಲಿನಲ್ಲಿಟ್ಟು ಹಣ್ಣು ಮಾಡುವ ರೂಢಿಯಿದೆ. ಮಾವಿನ ಕಾಯಿಯಲ್ಲಿ ಪಿಷ್ಟದ ಸಂಗ್ರಹವಿರುವುದರಿಂದ ಅದು ಮಾಗುವಾಗ ಸಕ್ಕರೆಯಾಗಿ ಬದಲಾಗುತ್ತದೆ. ಪೀಚಿನಲ್ಲಿ ಅಂಥ ಪಿಷ್ಟದ ಸಂಗ್ರಹ ಇಲ್ಲವೆನ್ನುವಷ್ಟು ಕಡಿಮೆ. ಕೊಯ್ದ ಮೇಲೂ ಪೀಚ್ ಮೆತ್ತಗಾಗುತ್ತದೆ, ಹುಳಿ ಸ್ವಲ್ಪ ಇಳಿಯುತ್ತದೆ, ತಳಬಣ್ಣ ಹಳದಿಗೆ ತಿರುಗುತ್ತದೆ, ಆದರೆ ಸಿಹಿ ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಎಳೆಯದಾಗಿ ಕೊಯ್ದ ಕಾಯಿ ಮನೆಯಲ್ಲಿ ಹಳದಿಯಾದರೂ ಸಪ್ಪೆಯಾಗಿಯೇ ಉಳಿಯುತ್ತದೆ. ದೂರದ ಊರುಗಳಿಗೆ ಕಳಿಸಬೇಕೆಂದು ಕಾಯಿಯನ್ನು ಗಟ್ಟಿಯಿರುವಾಗಲೇ ಕೊಯ್ಯುವುದರಿಂದ ನಮ್ಮ ಊರಿಗೆ ಬರುವ ಹಣ್ಣಿನಲ್ಲಿ ಈ ದೋಷ ಹೆಚ್ಚು.

ಪ್ರಶ್ನೆ: ಪೀಚ್ ಹಣ್ಣುಗಳಲ್ಲಿ ಕೆಲವು ಒಳಗೆ ಹಳದಿ, ಕೆಲವು ಬಿಳಿ. ಬಿಳಿಯವು ಸರಿಯಾಗಿ ಮಾಗದ ಹಣ್ಣುಗಳೆ? ಎರಡರಲ್ಲಿ ಯಾವುದರಲ್ಲಿ ಪೋಷಕಾಂಶ ಹೆಚ್ಚು?
— ಬೀದರ್‌ನ ತೋಟಗಾರಿಕೆ ವಿದ್ಯಾರ್ಥಿನಿ

ಉತ್ತರ: ಬಿಳಿ ತಿರುಳು ತಳಿಯ ಗುಣ. ಎಷ್ಟು ಮಾಗಿದರೂ ಆ ತಿರುಳು ಹಳದಿಯಾಗುವುದಿಲ್ಲ. ನೀವು ತೋಟಗಾರಿಕೆ ಓದುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಪೀಚಿನ ವರ್ಣದ್ರವ್ಯಗಳ ಕಥೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ತೋರುವ ಭಾಗ ಇದೇ.

ಕಾಯಿ ಹಸಿರಾಗಿರುವಾಗ ಎರಡೂ ಬಗೆಯ ಪೀಚಿನಲ್ಲಿ ಪತ್ರಹರಿತ್ತಿನ ಜೊತೆಗೆ ಕ್ಯಾರೊಟಿನಾಯ್ಡ್‌ಗಳು ಇದ್ದೇ ಇರುತ್ತವೆ. ಮಾಗತೊಡಗಿದಾಗ ಎರಡೂ ತಳಿಗಳಲ್ಲಿ ಕ್ಯಾರೊಟಿನಾಯ್ಡ್ ತಯಾರಾಗುತ್ತದೆ. ಆದರೆ ಬಿಳಿ ತಳಿಯ ತಿರುಳಿನಲ್ಲಿ ಕ್ಯಾರೊಟಿನಾಯ್ಡನ್ನು ತುಂಡರಿಸುವ ಕಿಣ್ವವೊಂದು ಚುರುಕಾಗಿ ಕೆಲಸ ಮಾಡುತ್ತದೆ. ಸಿಸಿಡಿ4 ಎಂಬ ವಂಶವಾಹಿ ಈ ಕಿಣ್ವವನ್ನು ರೂಪಿಸುತ್ತದೆ. ತಯಾರಾದ ಹಳದಿಯೆಲ್ಲ ಹೀಗೆ ತುಂಡಾಗಿ ಹೋಗುವುದರಿಂದ ತಿರುಳು ಬಿಳಿಯಾಗಿ ಕಾಣುತ್ತದೆ. ತುಂಡಾದ ಭಾಗಗಳಿಂದ ಹೂವಿನಂಥ ಪರಿಮಳ ಕೊಡುವ ಆವಿಶೀಲ ಸಂಯುಕ್ತಗಳು ಹುಟ್ಟುತ್ತವೆ. ಬಿಳಿ ಪೀಚಿನ ಸುವಾಸನೆ ಹಳದಿಯದಕ್ಕಿಂತ ಭಿನ್ನವಾಗಿರಲು ಇದೂ ಒಂದು ಕಾರಣ. ಹಳದಿ ತಳಿಗಳಲ್ಲಿ ಈ ವಂಶವಾಹಿ ಕೆಟ್ಟು ನಿಷ್ಕ್ರಿಯವಾಗಿದೆ. ಎರಡು ಪ್ರತಿಗಳಲ್ಲಿ ಒಂದು ಸರಿಯಾಗಿದ್ದರೂ ಕಿಣ್ವ ತಯಾರಾಗುವುದರಿಂದ ಬಿಳಿ ಬಣ್ಣ ಪ್ರಬಲ ಗುಣವಾಗಿಯೂ ಹಳದಿ ದುರ್ಬಲ ಗುಣವಾಗಿಯೂ ವರ್ತಿಸುತ್ತವೆ. ಅಂದರೆ ನಾವು ಇಷ್ಟಪಟ್ಟು ಕೊಳ್ಳುವ ಹಳದಿ ಬಣ್ಣ, ತಳಿವಿಜ್ಞಾನದ ದೃಷ್ಟಿಯಿಂದ, ಒಂದು ಕೆಲಸ ನಿಂತುಹೋದುದರ ಫಲ.

ಇದಕ್ಕೆ ಒಳ್ಳೆಯ ಸಾಕ್ಷಿಯೂ ಇದೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1940ರಲ್ಲಿ ಬಿಡುಗಡೆಯಾದ ರೆಡ್‌ಹೇವನ್ ಹಳದಿ ತಿರುಳಿನ ಪ್ರಸಿದ್ಧ ತಳಿ. ಅದರಿಂದಲೇ ಆಕಸ್ಮಿಕ ಮಾರ್ಪಾಟಾಗಿ ಬಿಳಿ ತಿರುಳಿನ ರೆಡ್‌ಹೇವನ್ ಬಿಯಾಂಕಾ ಹುಟ್ಟಿಕೊಂಡಿತು. ಉಳಿದೆಲ್ಲ ಗುಣಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವ ಈ ಎರಡನ್ನು ಹೋಲಿಸಿ ನೋಡಿದಾಗ, ಬಣ್ಣದ ವ್ಯತ್ಯಾಸಕ್ಕೆ ಕ್ಯಾರೊಟಿನಾಯ್ಡ್ ಒಡೆಯುವ ಈ ಹಂತವೇ ಕಾರಣವೆಂಬುದಕ್ಕೆ ಬಲ ಸಿಕ್ಕಿತು.

ಈಗ ಪೋಷಕಾಂಶದ ವಿಷಯ. ಬೀಟಾ ಕ್ಯಾರೊಟಿನ್ ಮತ್ತು ಬೀಟಾ ಕ್ರಿಪ್ಟೋಕ್ಸಾಂಥಿನ್‌ಗಳಿಂದ ನಮ್ಮ ದೇಹ ಎ ಜೀವಸತ್ವವನ್ನು ತಯಾರಿಸಿಕೊಳ್ಳುತ್ತದೆ. ಆ ದೃಷ್ಟಿಯಿಂದ ಹಳದಿ ಪೀಚ್ ಮೇಲು, ಅದರಲ್ಲಿಯೂ ಪೂರ್ತಿ ಮಾಗಿದ್ದು ದೋರೆಗಾಯಿಗಿಂತ ಮೇಲು. ಆದರೆ ಅದರ ಪ್ರಮಾಣವನ್ನು ಹಿಗ್ಗಿಸಿ ಹೇಳುವುದು ಸರಿಯಲ್ಲ. 100 ಗ್ರಾಂ ಹಳದಿ ಪೀಚಿನಲ್ಲಿ ಸುಮಾರು 160 ಮೈಕ್ರೋಗ್ರಾಂ ಬೀಟಾ ಕ್ಯಾರೊಟಿನ್ ಇದ್ದರೆ ಅಷ್ಟೇ ಮಾವಿನ ಹಣ್ಣಿನಲ್ಲಿ ಸುಮಾರು 640 ಮೈಕ್ರೋಗ್ರಾಂ ಇರುತ್ತದೆ. ತಳಿಯಿಂದ ತಳಿಗೆ ಈ ಅಂಕಿ ಏರುಪೇರಾಗುವುದು ಸಹಜ. ಬೇಸಿಗೆಯಲ್ಲಿ ಮಾವು ತಿನ್ನುವ ಬೀದರ್‌ನ ಮನೆಗಳವರು ಎ ಜೀವಸತ್ವಕ್ಕಾಗಿ ದುಬಾರಿ ಪೀಚಿನ ಹಿಂದೆ ಹೋಗಬೇಕಾಗಿಲ್ಲ. ಬಿಳಿ ಪೀಚಿನಲ್ಲಿ ಕ್ಯಾರೊಟಿನಾಯ್ಡ್ ಕಡಿಮೆಯಾದರೂ ಆಂಟಿಆಕ್ಸಿಡೆಂಟ್ ಗುಣವುಳ್ಳ ಫಿನಾಲಿಕ್ ಸಂಯುಕ್ತಗಳಿರುತ್ತವೆ. ಎರಡೂ ಬಗೆಯಲ್ಲಿ ಇವು ತಿರುಳಿಗಿಂತ ಸಿಪ್ಪೆಯಲ್ಲಿಯೇ ಹೆಚ್ಚು ದಟ್ಟವಾಗಿರುವುದರಿಂದ, ಚೆನ್ನಾಗಿ ತೊಳೆದು ರೋಮವನ್ನು ಉಜ್ಜಿ ತೆಗೆದು ಸಿಪ್ಪೆಯೊಂದಿಗೇ ತಿನ್ನುವುದು ಒಳ್ಳೆಯದು.

ನಿಮ್ಮ ಜಿಲ್ಲೆಯ ಪೇರಲ ಹಣ್ಣಿನಲ್ಲಿಯೂ ತಳಿಯೇ ತಿರುಳಿನ ಬಣ್ಣವನ್ನು ಗೊತ್ತು ಮಾಡುತ್ತದೆ. ಲಖನೌ-49 ಎಷ್ಟು ಮಾಗಿದರೂ ಬಿಳಿಯೇ. ಲಲಿತ್ ತಳಿಯ ತಿರುಳು ಗುಲಾಬಿ. ಆದರೆ ಪೇರಲದ ಗುಲಾಬಿ ಬಣ್ಣಕ್ಕೆ ಕಾರಣ ಟೊಮೆಟೊದಲ್ಲಿರುವ ಲೈಕೋಪೀನ್, ಅದೂ ಕ್ಯಾರೊಟಿನಾಯ್ಡ್ ಗುಂಪಿಗೇ ಸೇರಿದ್ದು. ಪೀಚಿನ ಕೆಂಪು ಆಂಥೋಸಯನಿನ್‌ನಿಂದ ಬಂದದ್ದು. ನೋಟಕ್ಕೆ ಎರಡೂ ಕೆಂಪಾದರೂ ಅವು ಹುಟ್ಟುವ ದಾರಿ, ಕರಗುವ ರೀತಿ, ಬಿಸಿಗೆ ತಡೆಯುವ ಶಕ್ತಿ ಎಲ್ಲವೂ ಬೇರೆ. ಪರೀಕ್ಷೆಯಲ್ಲಿ ಇವೆರಡನ್ನು ಒಂದೇ ಎಂದು ಬರೆಯಬೇಡಿ.

ಪ್ರಶ್ನೆ: ಪೀಚ್ ಹಣ್ಣನ್ನು ಬಿಡಿಸಿದಾಗ ಗೊರಟೆಯ ಸುತ್ತ ರಕ್ತದಂತೆ ಕೆಂಪು ಗೆರೆಗಳಿದ್ದವು. ಹಾಳಾಗಿರಬಹುದೆಂದು ಎಸೆದೆ. ಉಳಿದ ಹಣ್ಣುಗಳನ್ನು ಗಟ್ಟಿಯಿರುವಾಗಲೇ ಫ್ರಿಜ್‌ನಲ್ಲಿಟ್ಟಿದ್ದೆ. ಒಂದು ವಾರದ ಮೇಲೆ ತೆಗೆದರೆ ಹೊರಗೆ ಚೆನ್ನಾಗಿದ್ದು ಒಳಗೆ ಕಂದುಬಣ್ಣಕ್ಕೆ ತಿರುಗಿ, ರಸವಿಲ್ಲದೆ ಹಿಟ್ಟಿನಂತಾಗಿದ್ದವು. ಏಕೆ?
— ಯಾದಗಿರಿಯ ಗೃಹಿಣಿ

ಉತ್ತರ: ಗೊರಟೆಯ ಸುತ್ತಲಿನ ಕೆಂಪು ಹಾಳಾದುದರ ಗುರುತಲ್ಲ. ಹಲವು ತಳಿಗಳಲ್ಲಿ ಹಣ್ಣು ಮಾಗುವ ಹೊತ್ತಿಗೆ ಗೊರಟೆಗೆ ಅಂಟಿದ ತಿರುಳಿನಲ್ಲಿ ಆಂಥೋಸಯನಿನ್ ತುಂಬಿಕೊಳ್ಳುತ್ತದೆ. ಸಿಪ್ಪೆಯ ಕೆಂಪಿಗೆ ಬಿಸಿಲು ಬೇಕಾದರೆ ಬೆಳಕೇ ತಲುಪದ ಈ ಭಾಗದ ಕೆಂಪು ತಳಿಯ ಗುಣದಿಂದಲೇ ಬರುತ್ತದೆ. ಇಡೀ ತಿರುಳೇ ಕಡುಗೆಂಪಾಗುವ ತಳಿಗಳೂ ಇವೆ ಮತ್ತು ಅವುಗಳಲ್ಲಿ ಕೆಲವು ಕಾಯಿಯಾಗಿರುವಾಗಲೇ ಕೆಂಪೇರುತ್ತವೆ. ಇನ್ನು ಮುಂದೆ ಅಂಥ ಹಣ್ಣನ್ನು ಎಸೆಯದೆ ಧೈರ್ಯವಾಗಿ ತಿನ್ನಿ.

ಫ್ರಿಜ್‌ನಲ್ಲಿಟ್ಟ ಹಣ್ಣುಗಳಿಗೆ ಆದದ್ದು ತಣ್ಣನೆಯ ಪೆಟ್ಟು. ಪೀಚ್ ಹಣ್ಣಿಗೆ ಸುಮಾರು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆ ಬಹಳ ಕೆಟ್ಟದ್ದು, ಮನೆಯ ಫ್ರಿಜ್‌ಗಳು ಕೆಲಸ ಮಾಡುವುದು ಹೆಚ್ಚಾಗಿ ಈ ಮಿತಿಯಲ್ಲಿಯೇ. ಮಾಗದ ಹಣ್ಣನ್ನು ಈ ಉಷ್ಣತೆಯಲ್ಲಿ ಹಲವು ದಿನ ಇಟ್ಟರೆ ತಿರುಳನ್ನು ಮೆತ್ತಗೆ ಮಾಡುವ ಕಿಣ್ವಗಳ ಕೆಲಸ ಏರುಪೇರಾಗಿ, ರಸವು ತಿರುಳಿನಲ್ಲಿಯೇ ಸಿಕ್ಕಿಬಿದ್ದು, ತಿಂದರೆ ಒಣ ಹಿಟ್ಟಿನಂತೆ ಅನಿಸುತ್ತದೆ. ಜೀವಕೋಶಗಳ ಪೊರೆಗಳು ಹಾಳಾಗುವುದರಿಂದ ಅವುಗಳೊಳಗೆ ಬೇರೆಬೇರೆಯಾಗಿದ್ದ ಫಿನಾಲಿಕ್ ಸಂಯುಕ್ತಗಳು ಮತ್ತು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಒಂದನ್ನೊಂದು ಸೇರಿ ಕಂದುಬಣ್ಣ ಹುಟ್ಟುತ್ತದೆ. ಕೆಲವು ತಳಿಗಳಲ್ಲಿ ಗೊರಟೆಯ ಸುತ್ತಲಿನ ಕೆಂಪು ತಿರುಳಿನೊಳಗೆಲ್ಲ ಹರಡಿಕೊಳ್ಳುವುದೂ ಉಂಟು. ಶೀತಲ ಗೋದಾಮುಗಳಲ್ಲಿ ಪೀಚನ್ನು 0 ಡಿಗ್ರಿಯ ಆಸುಪಾಸಿನಲ್ಲಿ ಇಡುವುದು ಈ ಕಾರಣಕ್ಕೆ.

ಮನೆಯಲ್ಲಿ ಮಾಡಬೇಕಾದದ್ದು ಸುಲಭ. ಗಟ್ಟಿಯಿರುವ ಹಣ್ಣನ್ನು ಮೊದಲು ಹೊರಗೆ, ಬಿಸಿಲು ತಾಗದ ಜಾಗದಲ್ಲಿ, ಒಂದರ ಮೇಲೊಂದು ಒತ್ತದಂತೆ ಇಟ್ಟು ಮಾಗಲು ಬಿಡಿ. ಮಾಗಲು ಹಿತವಾದ ಉಷ್ಣತೆ 20ರಿಂದ 25 ಡಿಗ್ರಿ. ಯಾದಗಿರಿಯ ಬೇಸಿಗೆಯಲ್ಲಿ ಅದು ಸಿಗುವುದು ಕಷ್ಟವಾದ್ದರಿಂದ ಮನೆಯಲ್ಲಿ ಅತ್ಯಂತ ತಂಪಾಗಿರುವ ಮೂಲೆಯನ್ನೇ ಆರಿಸಿಕೊಳ್ಳಿ. ತಳಬಣ್ಣದ ಹಸಿರು ಹೋಗಿ, ಬೆರಳಿಗೆ ತುಸು ಮೆತ್ತಗೆನಿಸಿ, ವಾಸನೆ ಬಂದ ಮೇಲೆ ಒಂದೆರಡು ದಿನದ ಮಟ್ಟಿಗೆ ಫ್ರಿಜ್‌ನಲ್ಲಿಡಬಹುದು. ಕತ್ತರಿಸಿದ ಹೋಳುಗಳು ಗಾಳಿಗೆ ಕಂದಾಗುವುದಕ್ಕೂ ಅದೇ ಕಿಣ್ವ ಕಾರಣ. ಕೂಡಲೇ ನಿಂಬೆರಸ ಸವರಿದರೆ ಅದು ತಡೆಯುತ್ತದೆ.

ಪ್ರಶ್ನೆ: ಹಣ್ಣಿನ ಕೆಂಪು ಮತ್ತು ಹಳದಿ ವರ್ಣದ್ರವ್ಯಗಳು ಬೇರೆಬೇರೆ ಎಂಬುದನ್ನು ಪ್ರಯೋಗಾಲಯವಿಲ್ಲದ ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಸಾಧ್ಯವೆ?
— ಹುಮನಾಬಾದ್ ತಾಲ್ಲೂಕಿನ ಪ್ರೌಢಶಾಲೆಯ ಶಿಕ್ಷಕರು

ಉತ್ತರ: ಖಂಡಿತ ಸಾಧ್ಯ, ಇಂಥ ಪ್ರಶ್ನೆ ಕೇಳುವ ಶಿಕ್ಷಕರಿರುವ ಶಾಲೆಯ ಮಕ್ಕಳು ಭಾಗ್ಯವಂತರು. ಆಂಥೋಸಯನಿನ್ ನೀರಿನಲ್ಲಿ ಕರಗುತ್ತದೆ, ಕ್ಯಾರೊಟಿನಾಯ್ಡ್ ಎಣ್ಣೆಯಲ್ಲಿ ಕರಗುತ್ತದೆ. ಈ ಒಂದು ವ್ಯತ್ಯಾಸವೇ ನಿಮ್ಮ ಪ್ರಯೋಗಕ್ಕೆ ಸಾಕು. ಪೀಚಿನ ಕೆಂಪು ಸಿಪ್ಪೆಯನ್ನು ಜಜ್ಜಿ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಸೋಸಿ. ಬಂದ ನೀರನ್ನು ಮೂರು ಗಾಜಿನ ಲೋಟಗಳಿಗೆ ಹಂಚಿ, ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ, ಮೂರನೆಯದನ್ನು ಹೋಲಿಕೆಗೆ ಹಾಗೆಯೇ ಬಿಡಿ. ಹುಳಿಯಲ್ಲಿ ಕೆಂಪು ಗಾಢವಾಗುತ್ತದೆ, ಸೋಡಾ ಬಿದ್ದಲ್ಲಿ ಕೆಂಪು ಹೋಗಿ ನೇರಳೆ, ನೀಲಿ ಅಥವಾ ಹಸಿರಿನ ಛಾಯೆ ಬರುತ್ತದೆ. ಪೀಚ್ ದುಬಾರಿಯೆನಿಸಿದರೆ ಮುಂಗಾರಿನ ಆರಂಭದಲ್ಲಿ ನಿಮ್ಮಲ್ಲಿಯೇ ಸಿಗುವ ನೇರಳೆ ಹಣ್ಣಿನ ಸಿಪ್ಪೆಯನ್ನು ಬಳಸಿ. ಅದರಲ್ಲಿ ಆಂಥೋಸಯನಿನ್ ಬಹಳ ಹೆಚ್ಚಾಗಿರುವುದರಿಂದ ಕೊನೆಯ ಬೆಂಚಿನವರಿಗೂ ಬಣ್ಣದ ಬದಲಾವಣೆ ಎದ್ದು ಕಾಣುತ್ತದೆ.

ಹಳದಿಗೆ ಗಜ್ಜರಿಯೇ ಉತ್ತಮ. ತುರಿದ ಗಜ್ಜರಿಯನ್ನು ನೀರಿನಲ್ಲಿ ಕುದಿಸಿದರೆ ನೀರು ಅಷ್ಟಾಗಿ ಬಣ್ಣ ಪಡೆಯುವುದಿಲ್ಲ, ಅದನ್ನೇ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದರೆ ಎಣ್ಣೆ ಕಿತ್ತಳೆಯಾಗುತ್ತದೆ. ಆ ಎಣ್ಣೆಗೆ ನಿಂಬೆರಸ ಹಾಕಿದರೂ ಸೋಡಾ ಹಾಕಿದರೂ ಬಣ್ಣ ಬದಲಾಗದು. ಮಕ್ಕಳಿಗೆ ಮೊದಲು ತಾವೇ ಊಹಿಸಿ ಬರೆಯಲು ಹೇಳಿ, ಆಮೇಲೆ ಪ್ರಯೋಗ ಮಾಡಿಸಿ. ಎಣ್ಣೆ ಕಾಯಿಸುವ ಕೆಲಸವನ್ನು ಮಾತ್ರ ತಾವೇ ಮಾಡುವುದು ಕ್ಷೇಮ.

ಪ್ರಶ್ನೆ: ನನ್ನ ಹೊಲದಲ್ಲಿ ನೀರಿನ ಅನುಕೂಲವಿದೆ. ತೊಗರಿಯ ಬದಲು ಒಂದೆರಡು ಎಕರೆಯಲ್ಲಿ ಪೀಚ್ ಬೆಳೆದರೆ ಒಳ್ಳೆಯ ಬಣ್ಣದ ಹಣ್ಣು ಬರುತ್ತದೆಯೆ?
— ಆಳಂದ ತಾಲ್ಲೂಕಿನ ರೈತರು

ಉತ್ತರ: ದಯವಿಟ್ಟು ಆ ಸಾಹಸಕ್ಕೆ ಇಳಿಯಬೇಡಿ. ಪೀಚ್ ಮರದ ಮೊಗ್ಗುಗಳು ಸರಿಯಾಗಿ ಒಡೆಯಲು ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ಹಲವು ನೂರು ಗಂಟೆಗಳ ಕಾಲ ಬೇಕು. ಪಂಜಾಬಿನ ಬಯಲಿಗೆ ಹೊಂದುವ ಫ್ಲೋರ್ಡಾ ಪ್ರಿನ್ಸ್, ಶಾನ್-ಎ-ಪಂಜಾಬ್ ಮೊದಲಾದ ಕಡಿಮೆ ಚಳಿಯ ತಳಿಗಳಿಗೂ ಸುಮಾರು 150ರಿಂದ 300 ಗಂಟೆಗಳ ಚಳಿ ಅಗತ್ಯ. ನಮ್ಮ ಭಾಗದ ಚಳಿಗಾಲ ಅಷ್ಟನ್ನು ಒದಗಿಸುವುದಿಲ್ಲ. ಬಣ್ಣದ ದೃಷ್ಟಿಯಿಂದಲೂ ತೊಡಕಿದೆ: ಹಗಲು ಬಿಸಿಲು, ರಾತ್ರಿ ತಂಪು ಇದ್ದಲ್ಲಿ ಆಂಥೋಸಯನಿನ್ ಚೆನ್ನಾಗಿ ಕೂಡುತ್ತದೆ, ಅತಿಯಾದ ಸೆಕೆಯಲ್ಲಿ ಅದರ ತಯಾರಿಕೆ ಕುಗ್ಗುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಜಿಲ್ಲೆಯಲ್ಲಿ ಕೆಂಪು ಪೀಚನ್ನು ನಿರೀಕ್ಷಿಸುವಂತಿಲ್ಲ. ಹಣ್ಣಿನ ಬೆಳೆಯೇ ಬೇಕೆಂದಿದ್ದರೆ ಮಾವು, ಪೇರಲ, ಸೀತಾಫಲಗಳ ಕುರಿತು ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ಪ್ರಶ್ನೆ: ಮನೆಯಲ್ಲಿ ಪೀಚ್ ಹಣ್ಣಿನ ಜಾಮ್ ಮಾಡಿದೆ. ಹಣ್ಣಿನ ಕೆಂಪು ಭಾಗಗಳು ಕುದಿಸಿದ ಮೇಲೆ ಕಂದಾದವು. ಅಂಗಡಿಯಲ್ಲಿ ಸಿಗುವ ಡಬ್ಬಿಯ ಪೀಚ್ ಹೋಳುಗಳು ಮಾತ್ರ ಹೊನ್ನಿನ ಬಣ್ಣ ಉಳಿಸಿಕೊಂಡಿರುತ್ತವೆ. ಅದು ಹೇಗೆ?
— ಬಸವಕಲ್ಯಾಣದ ಓದುಗರು

ಉತ್ತರ: ಬಿಸಿಗೆ ಆಂಥೋಸಯನಿನ್ ಬೇಗ ಕೆಡುತ್ತದೆ, ಕ್ಯಾರೊಟಿನಾಯ್ಡ್ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಡಬ್ಬಿಗೆ ತುಂಬುವವರು ಇದನ್ನರಿತೇ ಗೊರಟೆಯ ಸುತ್ತ ಕೆಂಪಿಲ್ಲದ, ಬೇಯಿಸಿದರೂ ಹೋಳು ಕರಗದ ಗಟ್ಟಿ ತಿರುಳಿನ ಹಳದಿ ತಳಿಗಳನ್ನು ಅದಕ್ಕೆಂದೇ ಬೆಳೆಸುತ್ತಾರೆ. ಕೆಂಪು ಭಾಗ ಉಳಿದುಬಿಟ್ಟರೆ ಡಬ್ಬಿಯ ತವರದೊಂದಿಗೆ ಸೇರಿ ಹೋಳುಗಳಿಗೆ ಮಾಸಲು ನೇರಳೆ ಬಣ್ಣ ಬರುವ ಭಯವೂ ಅವರಿಗಿರುತ್ತದೆ. ಮುಂದಿನ ಸಲ ಹಳದಿ ತಿರುಳಿನ, ಪೂರ್ತಿ ಮಾಗಿದ ಹಣ್ಣನ್ನೇ ಆರಿಸಿ, ಗೊರಟೆಗೆ ಅಂಟಿದ ಕೆಂಪು ಪದರವನ್ನು ಚಮಚದಿಂದ ಕೆರೆದು ತೆಗೆಯಿರಿ. ಆ ಭಾಗವನ್ನು ಹಾಗೆಯೇ ತಿನ್ನಬಹುದು. ಹೋಳುಗಳನ್ನು ಕತ್ತರಿಸಿದ ಕೂಡಲೇ ನಿಂಬೆರಸ ಬೆರೆಸಿ, ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬೇಯಿಸಿದರೆ ಕುದಿಯುವ ಸಮಯ ಕಡಿಮೆಯಾಗಿ ಬಣ್ಣ ಹೆಚ್ಚು ಉಳಿಯುತ್ತದೆ. ಕಬ್ಬಿಣದ ಬಾಣಲೆ ಬೇಡ. ಜಾಮ್ ತುಂಬಿದ ಬಾಟಲಿಯನ್ನು ಬೆಳಕು ಬೀಳದ ತಂಪು ಜಾಗದಲ್ಲಿಡಿ.